ಗಾಲಿಯ ಒಳಅಂಚಿಗೆ ಬಿದ್ದ ಪೆಟ್ಟು

ಮಳೆಗಾಲದ ನಾಲ್ಕು ತಿಂಗಳು ಥಾಣೆಯ ಘೋಡ್‌ಬಂದರ್ ರಸ್ತೆ, ಕಲ್ಯಾಣ್–ಶಿಳ್ ರಸ್ತೆ, ಮುಂಬ್ರಾ ಬೈಪಾಸ್, ನವಿಮುಂಬಯಿಯ ಸಯನ್–ಪನ್ವೇಲ್ ಹೆದ್ದಾರಿ ಇವುಗಳ ಬದಿಯ ಟೈರ್ ಅಂಗಡಿಗಳಿಗೆ ಬಿಡುವೇ ಇರುವುದಿಲ್ಲ. ಪಂಕ್ಚರ್ ಆದವರು ಬರುತ್ತಾರೆ, ಟೈರ್ ಉಬ್ಬಿದವರು ಬರುತ್ತಾರೆ. "ಎರಡು ದಿನಕ್ಕೊಮ್ಮೆ ಗಾಳಿ ಇಳಿಯುತ್ತದೆ, ಮೊಳೆ ಮಾತ್ರ ಸಿಗುವುದಿಲ್ಲ" ಎಂದು ತಲೆ ಕೆಡಿಸಿಕೊಂಡು ಬರುವವರೂ ಇದ್ದಾರೆ. ಇಂಥವರ ಗಾಡಿಯನ್ನು ಜಾಕ್ ಮೇಲೆ ಎತ್ತಿ, ಗಾಲಿ ಬಿಚ್ಚಿ, ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿ ತಿರುಗಿಸಿದಾಗ ಕಾರಣ ಕಾಣುತ್ತದೆ. ಹೊರಮೈಯಲ್ಲಿ ಒಂದು ಗೀರೂ ಇಲ್ಲ. ಕಾರಿನ ಅಡಿಯ ಕಡೆಗಿದ್ದ ಒಳಅಂಚು ಮಾತ್ರ ಪ್ರತಿ ಸುತ್ತಿಗೂ ಒಮ್ಮೆ ಅತ್ತ ಸರಿದು ಇತ್ತ ಬರುತ್ತದೆ. ಯಂತ್ರ ನಿಲ್ಲಿಸಿ ಬೆರಳಾಡಿಸಿದರೆ ಅಲ್ಲಿ ಮೂರು ಬೆರಳಗಲದ ನೆಗ್ಗು.

ಪೆಟ್ಟು ಒಳಗೇ ಏಕೆ? ರಿಮ್ಮಿನ ಹೊರಅಂಚಿಗೆ ಅರಗಳ ಆಸರೆ ಇದೆ. ಬ್ರೇಕಿಗೆ ಜಾಗ ಬಿಡಬೇಕಾದ್ದರಿಂದ ಒಳಭಾಗ ಯಾವ ಆಸರೆಯೂ ಇಲ್ಲದೆ ಚಾಚಿಕೊಂಡಿರುತ್ತದೆ. ಒಂದೇ ಪೆಟ್ಟಿಗೆ ಹೊರಅಂಚು ತಡೆದುಕೊಂಡರೂ ಒಳಅಂಚು ಬಾಗುತ್ತದೆ. ನಾವು ಗಾಡಿ ನಿಲ್ಲಿಸಿ, ಇಳಿದು, ಬಗ್ಗಿ ನೋಡುವುದು ಹೊರಗಿನದನ್ನು. "ಏನೂ ಆಗಿಲ್ಲ" ಎಂದು ಮುಂದೆ ಹೋಗುತ್ತೇವೆ.

ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಬಹುಕಾಲ ಗಾಳಿ ಹಿಡಿದಿಡುವ ಕೆಲಸ ಒಳಗಿನ ಟ್ಯೂಬಿನದಾಗಿತ್ತು. ರಿಮ್ ತುಸು ಬಾಗಿದರೂ ಗಾಳಿ ಹೋಗುತ್ತಿರಲಿಲ್ಲ. ಇಂದಿನ ಟ್ಯೂಬ್‌ಲೆಸ್ ಗಾಲಿಯಲ್ಲಿ ಟೈರಿನ ಅಂಚು ರಿಮ್ಮಿಗೆ ಒತ್ತಿ ಕೂತಿರುವುದರಿಂದಲೇ ಗಾಳಿ ಉಳಿಯುತ್ತದೆ. ಅಂದರೆ ರಿಮ್ಮೇ ಗಾಳಿಯ ಪಾತ್ರೆಯ ಒಂದು ಗೋಡೆ. ಆ ಗೋಡೆ ನೆಗ್ಗಿದರೆ ಮೊಳೆ ಬೇಕಿಲ್ಲ.

ಇನ್ನು ಗುಂಡಿಯೊಳಗೆ ನಡೆಯುವುದನ್ನು ನೋಡೋಣ. 40 ಕಿ.ಮೀ. ವೇಗದ ಕಾರು ಎರಡಡಿ ಉದ್ದದ ಗುಂಡಿಯನ್ನು ದಾಟಲು ತೆಗೆದುಕೊಳ್ಳುವುದು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ. ಅಷ್ಟರಲ್ಲಿ ಕಾರಿನ ಒಡಲು ಕೆಳಗಿಳಿಯುವುದೇ ಇಲ್ಲ ಎನ್ನಬಹುದು. ಆದರೆ ಅದರ ಭಾರ ಹೊತ್ತು ಕುಗ್ಗಿದ್ದ ಸ್ಪ್ರಿಂಗ್ ಹಿಗ್ಗಿ ಗಾಲಿಯನ್ನು ಕೆಳಕ್ಕೆ ತಳ್ಳುತ್ತದೆ. ಹಾಗೆ ಇಳಿದ ಗಾಲಿ ಗುಂಡಿಯ ಆಚೆ ಅಂಚಿಗೆ ಬಡಿಯುತ್ತದೆ. ಹಾನಿ ಆಗುವುದು ಬೀಳುವಾಗಲ್ಲ, ಹತ್ತುವಾಗ. ಡಾಂಬರಿನ ಗುಂಡಿಯ ಅಂಚು ಸವೆದು ದುಂಡಗಾದರೂ ಆದೀತು. ಕಾಂಕ್ರೀಟ್ ಚಪ್ಪಡಿಯ ಪಕ್ಕ ಡಾಂಬರು ಕಿತ್ತುಹೋದಲ್ಲಿ ನಿಲ್ಲುವ ಅಂಚು ನೇರ, ಚೂಪು. ಅರ್ಧ ಕಾಂಕ್ರೀಟ್, ಅರ್ಧ ಡಾಂಬರು, ಜಂಕ್ಷನ್ನಿನಲ್ಲಿ ಪೇವರ್ ಬ್ಲಾಕ್ ಎಂಬಂತಿರುವ ನಮ್ಮ ರಸ್ತೆಗಳಲ್ಲಿ ಇಂಥ ಅಂಚುಗಳು ಬೇಕಾದಷ್ಟು. ಮೇಲೆ ಕೆಂಪು ನೀರು ನಿಂತಿದ್ದರೆ ಆಳವೂ ತಿಳಿಯದು.

ಟೈರಿನ ಬದಿಯಲ್ಲಿ 185/65 ಆರ್15 ಎಂದು ಬರೆದಿದ್ದರೆ ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 65, ಎಂದರೆ 120 ಮಿ.ಮೀ. ರಸ್ತೆಗೂ ಲೋಹಕ್ಕೂ ನಡುವೆ ಇರುವ ಮೆತ್ತೆ ಅಷ್ಟೇ. ಪೆಟ್ಟು ಜೋರಾದಾಗ ಆ ಗೋಡೆ ಪೂರ್ತಿ ಮಡಚಿ, ಗುಂಡಿಯ ಅಂಚು ಮತ್ತು ರಿಮ್ಮಿನ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ರಬ್ಬರು ಉಳಿದರೂ ಒಳಗಿನ ಪಾಲಿಯೆಸ್ಟರ್ ಹುರಿಗಳು ಹರಿಯುತ್ತವೆ. ಹರಿದಲ್ಲಿ ಗಾಳಿಯೊತ್ತಡಕ್ಕೆ ಟೈರು ಉಬ್ಬುತ್ತದೆ. ಈ ಉಬ್ಬಿಗೆ ತೇಪೆ ಇಲ್ಲ. ಆ ಟೈರನ್ನು ಅಂದೇ ಬದಲಿಸಬೇಕು. ಗಾಳಿ ಕಡಿಮೆ ಇದ್ದರೆ ಜಜ್ಜುವುದು ಇನ್ನೂ ಸುಲಭ. ಚಾಲಕನ ಬಾಗಿಲ ಕಂಬದ ಮೇಲೆ ಕಂಪನಿ ಅಂಟಿಸಿರುವ ಚೀಟಿಯ ಅಳತೆಯನ್ನು ಟೈರ್ ತಣ್ಣಗಿರುವಾಗ ನೋಡಿ ತುಂಬಿಸುವುದು ಮಳೆಗಾಲದಲ್ಲಿ ಖರ್ಚಿಲ್ಲದ ರಕ್ಷಣೆ.

ಬ್ರೇಕಿನ ವಿಷಯದಲ್ಲಿ ಒಂದು ಮಾತು. ಗುಂಡಿಗೆ ಮುಂಚೆಯೇ ವೇಗ ಇಳಿಸಿ, ಅಂಚಿಗೆ ಬರುವಷ್ಟರಲ್ಲಿ ಕಾಲು ತೆಗೆಯಬೇಕು. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾರಿನ ಭಾರ ಮುಂದಕ್ಕೆ ವಾಲಿ ಸ್ಪ್ರಿಂಗ್ ಮೊದಲೇ ಕುಗ್ಗಿರುತ್ತದೆ, ಪೆಟ್ಟು ನುಂಗಲು ಅದರಲ್ಲಿ ಜಾಗ ಉಳಿದಿರುವುದಿಲ್ಲ.

ಸ್ಟೀಲ್ ರಿಮ್ಮೋ ಅಲಾಯ್ ವೀಲೋ? ಸ್ಟೀಲ್ ಪಾತ್ರೆ ಬಿದ್ದರೆ ನೆಗ್ಗುತ್ತದೆ, ಪಿಂಗಾಣಿ ಬಿದ್ದರೆ ಸೀಳುತ್ತದೆ. ವ್ಯತ್ಯಾಸ ಅಷ್ಟು ದೊಡ್ಡದಲ್ಲದಿದ್ದರೂ ಆ ಜಾತಿಯದೇ. ಕಾರುಗಳ ಅಲಾಯ್ ಗಾಲಿ ಸಾಮಾನ್ಯವಾಗಿ ಸುಮಾರು ಶೇ. 7ರಷ್ಟು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಎರಕ. ಎರಕದ ನಂತರ ಅದನ್ನು 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ, ನೀರಲ್ಲಿ ತಣಿಸಿ, ಮತ್ತೆ 150–170 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡಿರುತ್ತಾರೆ. ರಸ್ತೆ ಬದಿಯಲ್ಲಿ ಗ್ಯಾಸ್ ಜ್ವಾಲೆ ಹಿಡಿದು ಬೆಂಡ್ ತೆಗೆಯುವಾಗ ಆ ಭಾಗ ಈ 150–170 ಡಿಗ್ರಿಗಿಂತ ಎಷ್ಟೋ ಹೆಚ್ಚು ಕಾಯ್ದು ಮೆತ್ತಗಾಗುತ್ತದೆ. ರಿಮ್ ದುಂಡಗೇನೋ ಆಗುತ್ತದೆ, ಮೊದಲಿನ ಬಲ ಬರುವುದಿಲ್ಲ. ಸಣ್ಣ ಬಾಗನ್ನು ಪ್ರೆಸ್ಸಿನಲ್ಲಿ ಸರಿಪಡಿಸಿಕೊಳ್ಳಬಹುದು. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ಮಾತ್ರ ನಾನು ಒಪ್ಪಲಾರೆ. ಡೊಂಬಿವಲಿ, ಕಲ್ಯಾಣ್‌ನಂಥ ಊರಲ್ಲಿ ಅಂದಕ್ಕಾಗಿ ದೊಡ್ಡ ಅಲಾಯ್, ತೆಳ್ಳನೆ ಟೈರ್ ಹಾಕಿಸುವುದೂ ತಪ್ಪೇ.

ಬಾಗಿದ ಗಾಲಿ ಊರೊಳಗೆ ಸುಮ್ಮನಿರುತ್ತದೆ, ಏಕೆಂದರೆ ಇಲ್ಲಿ ನಮಗೆ ಸಿಗುವ ವೇಗ 20–30. ಅದು ಬಾಯಿ ಬಿಡುವುದು ಚೌತಿಗೆಂದು ಉಡುಪಿ, ಮಂಗಳೂರು ಕಡೆ ಹೊರಟಾಗ, ಪನ್ವೇಲ್ ದಾಟಿ ರಾಷ್ಟ್ರೀಯ ಹೆದ್ದಾರಿ 66 ತೆರೆದುಕೊಂಡಲ್ಲಿ. 80ರ ವೇಗದಲ್ಲಿ ಗಾಲಿ ಸೆಕೆಂಡಿಗೆ ಹನ್ನೆರಡರ ಹತ್ತಿರ ಸುತ್ತು ಹೊಡೆಯುತ್ತದೆ. ರಿಮ್ಮಿನಂಚಿನಲ್ಲಿ ಬರೀ 30 ಗ್ರಾಂ ಏರುಪೇರಿದ್ದರೂ ಪ್ರತಿ ಸುತ್ತಿಗೆ ಮೂರು ಕಿಲೋ ತೂಕದಷ್ಟು ಬಲ ಅದನ್ನು ಹೊರಕ್ಕೆ ಎಳೆಯುತ್ತದೆ. ಸ್ಟೀರಿಂಗ್ ನಡುಗುವುದು ಅದಕ್ಕೇ. ವೇಗದ ವರ್ಗಕ್ಕೆ ತಕ್ಕಂತೆ ಈ ಬಲ ಏರುವುದರಿಂದ 40ರಲ್ಲಿ ಅದು ನಾಲ್ಕರಲ್ಲೊಂದು ಪಾಲು, ಕೈಗೆ ತಿಳಿಯುವುದೇ ಇಲ್ಲ.

ಖರ್ಚು ಯಾರದು? ಸಾಮಾನ್ಯ ವಾಹನ ವಿಮೆಯಲ್ಲಿ ಬರೀ ಟೈರಿಗಾದ ಹಾನಿಗೆ ದುಡ್ಡಿಲ್ಲ. ಗಾಡಿಗೂ ಅದೇ ಹೊತ್ತಿಗೆ ಪೆಟ್ಟಾಗಿದ್ದರೆ ಹೊಸ ಟೈರಿನ ಬೆಲೆಯ ಅರ್ಧ. ಟೈರ್ ಮತ್ತು ರಿಮ್ಮಿಗೆಂದೇ ಹೆಚ್ಚುವರಿ ರಕ್ಷಣೆ ಬೇರೆ ಕೊಳ್ಳಬೇಕು. ಗಾಲಿಯ ಮಾತು ಬಿಟ್ಟು ಜೀವದ ಮಾತಿಗೆ ಬಂದರೆ, ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ, ಗಾಯಗೊಂಡವರಿಗೆ 50 ಸಾವಿರದಿಂದ 2.5 ಲಕ್ಷ ಪರಿಹಾರ ಕೊಡಬೇಕೆಂದೂ ದೂರು ಬಂದ ಗುಂಡಿಯನ್ನು 48 ಗಂಟೆಯೊಳಗೆ ಮುಚ್ಚಬೇಕೆಂದೂ ಆದೇಶಿಸಿತು. 2018ರ ಜುಲೈನಲ್ಲಿ ಕಲ್ಯಾಣ್ ಒಂದರಲ್ಲೇ ಗುಂಡಿಗಳಿಂದಾದ ಸಾವುಗಳನ್ನು ನೆನೆದರೆ ಇದು ತಡವಾಗಿ ಬಂದ ನ್ಯಾಯ. ಗುಂಡಿ ಕಂಡ ಕೂಡಲೇ ಫೋಟೋ ಸಮೇತ ಪಾಲಿಕೆಗೆ ದೂರು ಕೊಡಿ. ಆ 48 ಗಂಟೆ ಶುರುವಾಗುವುದು ದೂರಿನಿಂದಲೇ. ಈ ಸಲ ಚೌತಿಗೆ ಹೊರಡುವ ಮುನ್ನ ನಾಲ್ಕು ಗಾಲಿ ಮತ್ತು ಸ್ಟೆಪ್ನಿಯನ್ನು ಯಂತ್ರಕ್ಕೆ ಹಾಕಿಸಿ, ಪಕ್ಕದಲ್ಲೇ ನಿಂತು ಒಳಅಂಚನ್ನು ನೀವೇ ನೋಡಿ.