ಪುಟಾಣಿ ಜೆಟ್: ಏಳು ಸೀಟಿದ್ದರೆ ಏಳು ಜನ ಹಾರಬಹುದೇ?

ಏಳು ಸೀಟಿನ ವಿಮಾನ ಎಂದರೆ ಏಳು ಜನ ಕೂತು, ಟ್ಯಾಂಕ್ ಭರ್ತಿ ಮಾಡಿಕೊಂಡು, ಕಂಪನಿ ಹೇಳಿದಷ್ಟು ದೂರ ಹೋಗಬಹುದು ಎಂದುಕೊಳ್ಳುವವರೇ ಹೆಚ್ಚು. ವೆರಿ ಲೈಟ್ ಜೆಟ್ ಎನ್ನುವ ಈ ಪುಟಾಣಿ ಜೆಟ್‌ಗಳ ವಿಷಯದಲ್ಲಿ ಇದೇ ದೊಡ್ಡ ತಪ್ಪು ಕಲ್ಪನೆ. ಅಮೆರಿಕದ ಸಿರಸ್ ವಿಷನ್ ಜೆಟ್ಟನ್ನೇ ನೋಡಿ. ಮೇಲೇರುವಾಗ ಅದರ ಒಟ್ಟು ತೂಕ ಸುಮಾರು 2,720 ಕಿಲೋ ಮೀರುವಂತಿಲ್ಲ. ಖಾಲಿ ವಿಮಾನವೇ 1,600 ಕಿಲೋ ದಾಟುತ್ತದೆ. ಪೂರ್ತಿ ತುಂಬಿಸಿದ ಇಂಧನ ಇನ್ನೊಂದು 900 ಕಿಲೋ. ಉಳಿಯುವುದು 200 ಕಿಲೋ ಆಸುಪಾಸು: ಪೈಲಟ್ ಸೇರಿ ಇಬ್ಬರು, ಒಂದೆರಡು ಬ್ಯಾಗು. ಮನೆಮಂದಿಯನ್ನೆಲ್ಲ ಕೂರಿಸಬೇಕೆಂದರೆ ಇಂಧನ ಕಡಿಮೆ ಮಾಡಬೇಕು, ಆಗ ದೂರವೂ ಕಡಿಮೆಯಾಗುತ್ತದೆ. ಜಾಹೀರಾತಿನ ಸೀಟಿನ ಲೆಕ್ಕವೂ ನಿಜ, ದೂರದ ಲೆಕ್ಕವೂ ನಿಜ. ಎರಡೂ ಒಂದೇ ಹಾರಾಟದಲ್ಲಿ ಸಿಗುವುದಿಲ್ಲ, ಅಷ್ಟೇ.

ಜೆಟ್ ಎಂದಮೇಲೆ ಪ್ರೊಪೆಲ್ಲರ್ ವಿಮಾನವನ್ನು ಹಿಂದೆ ಹಾಕಲೇಬೇಕು ಎಂಬ ನಂಬಿಕೆಯೂ ಇದೆ. ಫ್ರಾನ್ಸಿನ ಟಿಬಿಎಂ 940ಕ್ಕೆ ಇರುವುದು ಪ್ರೊಪೆಲ್ಲರ್. ಅದು ಗಂಟೆಗೆ ಸುಮಾರು 610 ಕಿ.ಮೀ. ಓಡುತ್ತದೆ, ವಿಷನ್ ಜೆಟ್ 560–575ರ ಹತ್ತಿರವೇ ನಿಲ್ಲುತ್ತದೆ. ಜೆಟ್ ಎಂಜಿನ್‌ಗೆ ಎತ್ತರದ ತೆಳುಗಾಳಿ ಹಿತ, ಕೆಳಗೆ ಅದು ಇಂಧನ ಕುಡಿಯುತ್ತದೆ. ಇನ್ನೊಂದು ಪುಟಾಣಿ ಜೆಟ್ ಸೆಸ್ನಾ ಮಸ್ಟಾಂಗ್ 41,000 ಅಡಿಗೆ ಏರುತ್ತಿದ್ದರೆ, ಮೊದಲ ವಿಷನ್ ಜೆಟ್‌ಗಳ ಮಿತಿ 28,000 ಅಡಿ. ಸಿರಸ್ ಇದನ್ನು ತಿಳಿದೇ ಒಪ್ಪಿಕೊಂಡಿತು. ಅದರ ಗಿರಾಕಿ ತಾನೇ ವಿಮಾನ ಓಡಿಸುವ ಮಾಲೀಕ. ಅವನಿಗೆ ಬೇಕಾದದ್ದು ವೇಗಕ್ಕಿಂತ ಸರಳತೆ. ನನ್ನ ಮಟ್ಟಿಗೆ ಇದು ಪ್ರಾಮಾಣಿಕ ರಾಜಿ.

ಆ ಸರಳತೆಗಾಗಿ ವಿಷನ್ ಜೆಟ್‌ಗೆ ಇರುವುದು ಒಂದೇ ಎಂಜಿನ್. ಹಾಗಾದರೆ ಅದು ಅಪಾಯವಲ್ಲವೇ? ಎರಡಿದ್ದು ಒಂದು ನಿಂತರೆ ವಿಮಾನ ಒಂದು ಕಡೆಗೆ ಎಳೆಯುತ್ತದೆ. ಪೈಲಟ್ ಆ ಕ್ಷಣದಲ್ಲಿ ಎಡವದಿದ್ದರೆ ಮಾತ್ರ ಎರಡನೆಯದು ಕಾಪಾಡುತ್ತದೆ. ವಿಷನ್ ಜೆಟ್‌ನ ಎಂಜಿನ್ ಬೆನ್ನ ಮೇಲೆ ನಟ್ಟನಡುವೆ ಕೂತಿದೆ. ಅದು ಉಗುಳುವ ಬಿಸಿಗಾಳಿಗೆ ದಾರಿ ಬಿಡಲೆಂದೇ ಬಾಲ ‘ವಿ’ ಆಕಾರದಲ್ಲಿ ಸೀಳಿದೆ. ಮೂತಿಯಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದೆ.

‘ಚಿಕ್ಕದು, ಆದ್ದರಿಂದ ಅಗ್ಗ’ ಎಂಬ ನಂಬಿಕೆಗೆ ಬೆಲೆ ತೆತ್ತದ್ದು ಎಕ್ಲಿಪ್ಸ್ 500. ನ್ಯೂ ಮೆಕ್ಸಿಕೊದ ಕಂಪನಿಯ ಆಶ್ವಾಸನೆ 10 ಲಕ್ಷ ಡಾಲರ್‌ಗೂ ಕಡಿಮೆ ಬೆಲೆಯದು. 40 ಕಿಲೋ ಕೂಡ ತೂಗದ ಹೊಸ ಎಂಜಿನ್ ನಂಬಿ ವಿಮಾನ ರೂಪಿಸಿದರು. 2002ರಲ್ಲಿ ಅದು ಹಾರಿತು, ಆದರೆ ಎಂಜಿನ್‌ನ ನೂಕುಬಲ ಸಾಲಲಿಲ್ಲ. ಪ್ರ್ಯಾಟ್ ಅಂಡ್ ವಿಟ್ನಿ ಕೆನಡಾದ ಭಾರವಾದ ಎಂಜಿನ್ ಹಾಕಿದರು. ಎಂಜಿನ್ ಭಾರವಾದರೆ ಅದನ್ನು ಹೊರುವ ರಚನೆ ಬಲವಾಗಬೇಕು, ಅದಕ್ಕೆ ತಕ್ಕ ಇಂಧನ ಬೇಕು, ಅದನ್ನು ಹೊರಲು ಮತ್ತೆ ರಚನೆ. ಸಣ್ಣ ವಿಮಾನದಲ್ಲಿ ಈ ಸರಪಳಿ ಬೇಗ ಬಿಗಿಯುತ್ತದೆ. 2008ಕ್ಕೆ ಬೆಲೆ 20 ಲಕ್ಷ ಡಾಲರ್ ದಾಟಿತು. ಸುಮಾರು 260 ವಿಮಾನ ಕಟ್ಟಿ, ಅದೇ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಹೋಂಡಾಜೆಟ್‌ನ ರೆಕ್ಕೆಯ ಮೇಲೆ ನಿಂತ ಎಂಜಿನ್‌ಗಳನ್ನು ಕಂಡು ‘ಬರೀ ಶೋಕಿ’ ಎನ್ನುವವರಿದ್ದಾರೆ. ಎಂಜಿನ್ ಹಿಂಬದಿಯಲ್ಲಿ ಒಡಲಿಗೆ ಅಂಟಿದ್ದರೆ ಅದನ್ನು ಹೊರುವ ಚೌಕಟ್ಟು ಒಳಗಿನ ಜಾಗ ನುಂಗುತ್ತದೆ. ರೆಕ್ಕೆಯ ಮೇಲಿಟ್ಟರೆ ಗಾಳಿಯ ಹರಿವು ಕೆಡುತ್ತದೆಂದು ವಿನ್ಯಾಸಕಾರರು ಹಿಂಜರಿಯುತ್ತಿದ್ದರು. ಸರಿಯಾದ ಜಾಗದಲ್ಲಿಟ್ಟರೆ ಹೆಚ್ಚಿನ ವೇಗದಲ್ಲಿ ಗಾಳಿಯ ಎಳೆತ ತಗ್ಗುತ್ತದೆಂದು ಹೋಂಡಾದ ಎಂಜಿನಿಯರ್ ಮಿಚಿಮಾಸಾ ಫುಜಿನೊ ತೋರಿಸಿದರು. ಕ್ಯಾಬಿನ್ ದೊಡ್ಡದಾಯಿತು, ವೇಗ 780 ಕಿ.ಮೀ. ಮುಟ್ಟಿತು. ಮೊದಲ ಮಾದರಿಯ ಮೇಲೇರುವ ತೂಕ ಮಾತ್ರ ಸುಮಾರು 4,800 ಕಿಲೋ, ಅಂದರೆ ವಿಷನ್ ಜೆಟ್‌ನ ಒಂದೂ ಮುಕ್ಕಾಲು ಪಟ್ಟು. ಅದಕ್ಕೇ ಇದನ್ನು ಪುಟಾಣಿಗಳ ಸಾಲಿಗೆ ಸೇರಿಸಲು ಕೆಲವರು ಒಪ್ಪುವುದಿಲ್ಲ.