ಮನೆ ಮುಂದಿನ ಕಣ: ಮೇಸ್ತ್ರಿಗೆ ವೀಳ್ಯ ಕೊಡುವ ಮುನ್ನ

ಅಡಿಕೆ ಬೆಳೆಗಾರನ ವರ್ಷದ ದುಡಿಮೆಯೆಲ್ಲ ಕೊನೆಗೆ ಬಂದು ಬೀಳುವುದು ಮನೆಯ ಮುಂದಿನ ಕಣದ ಮೇಲೆ. ಸುಲಿದು ಬೇಯಿಸಿದ ಅಡಿಕೆ ಅಲ್ಲಿ ಚೆನ್ನಾಗಿ ಬಿಸಿಲು ಕಂಡ ಮೇಲಷ್ಟೇ ಭೀಮಸಮುದ್ರದ ಅಥವಾ ಚಿತ್ರದುರ್ಗದ ಮಂಡಿಗೆ ಹೋಗಬೇಕು. ಕಣ ಬಿರುಕು ಬಿಟ್ಟು ಮಣ್ಣು ಮೇಲೆದ್ದರೆ, ಚಿತ್ತೆ ಸ್ವಾತಿ ಮಳೆಯ ನೀರು ಅದರ ಮೇಲೆಯೇ ನಿಂತರೆ, ಅಡಿಕೆ ಬೂಷ್ಟು ಹಿಡಿಯುತ್ತದೆ, ಧಾರಣೆ ಇಳಿಯುತ್ತದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಾಫಿ ತೋಟ ಇರುವ ಸದಸ್ಯರಿಗೂ ಇದೇ ಮಾತು. ಮಣ್ಣು ತಗುಲಿದ ಕಾಫಿಗೆ ಮಣ್ಣಿನ ವಾಸನೆ ಅಂಟಿಕೊಳ್ಳುತ್ತದೆ.

ಇಷ್ಟು ಮುಖ್ಯವಾದ ಕಣವನ್ನು ಕಟ್ಟಿಸುವಾಗ ನಮ್ಮಲ್ಲಿ ಹಲವರು ನೋಡುವುದು ಒಂದೇ: ಯಾರು ಚದರಕ್ಕೆ ಕಡಿಮೆ ದರ ಹೇಳಿದರು ಎಂಬುದು. ತೋಟಕ್ಕೆ ಸಸಿ ತರುವಾಗ ತಾಯಿಮರವನ್ನು ವಿಚಾರಿಸುವ ರೈತರು ಮೇಸ್ತ್ರಿಯ ವಿಷಯದಲ್ಲಿ ಆ ಜಾಣ್ಮೆಯನ್ನು ಏಕೆ ಬಿಡಬೇಕು? ನಂಬಿಕೆಗೆ ಅರ್ಹನಾದ ಮೇಸ್ತ್ರಿಯನ್ನು ಗುರುತಿಸುವ ಬಗೆಯನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಹಳೆಯ ಕೆಲಸ ನೋಡಿ

ಹೊಸ ಕಣ ಯಾರು ಹಾಕಿದರೂ ಚೆಂದವೇ. ಆದ್ದರಿಂದ ಮೇಸ್ತ್ರಿ ಹಿಂದೆ ಹಾಕಿದ, ಎರಡು ಮಳೆಗಾಲ ಕಂಡ ಕಣಗಳನ್ನು ತೋರಿಸುವಂತೆ ಕೇಳಬೇಕು. ಮೊಳೆಯಿಂದ ಗೀರಿದರೆ ಪುಡಿ ಉದುರುತ್ತದೆಯೇ? ಒಂದು ಕೊಡ ನೀರು ಸುರಿದರೆ ಅಂಚಿಗೆ ಹರಿಯುತ್ತದೆಯೇ, ನಡುವೆ ಮಡುಗಟ್ಟುತ್ತದೆಯೇ? ನಾಣ್ಯದಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮೇಲುಗಾರೆ ಬಿಟ್ಟುಕೊಂಡಿದೆ ಎಂದು ತಿಳಿಯಬೇಕು. ಆ ಮನೆಯವರನ್ನು, ಮೇಸ್ತ್ರಿ ಎದುರಿಗಿಲ್ಲದಾಗ, ಎರಡು ಪ್ರಶ್ನೆ ಕೇಳಿ: ಹೇಳಿದ ದಿನಕ್ಕೆ ಮುಗಿಸಿದನೇ? ದೋಷ ಕಂಡಾಗ ಕರೆದರೆ ಬಂದನೇ? ಎರಡನೆಯದೇ ಹೆಚ್ಚು ಮುಖ್ಯ.

ನಮ್ಮ ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಹರಿದಾಗಲೂ ಭದ್ರವಾಗಿ ನಿಂತಿತ್ತು. ಒಳ್ಳೆಯ ಕೆಲಸಕ್ಕೆ ಕಾಲವೇ ಸಾಕ್ಷಿ. ಅಂಗಳದ ಕೆಲಸಕ್ಕಾದರೋ ಎರಡು ಮಳೆಗಾಲದ ಸಾಕ್ಷಿ ಸಾಕು.

ನೆಲ ಕೇಳುವ ಮೇಸ್ತ್ರಿ

ಅನುಭವಿ ಮೇಸ್ತ್ರಿ ದರ ಹೇಳುವ ಮೊದಲು ನೆಲ ನೋಡುತ್ತಾನೆ. ಹೊಳಲ್ಕೆರೆ, ಹೊಸದುರ್ಗದ ಕೆಂಪು ನೆಲಕ್ಕೂ ಹಿರಿಯೂರಿನ ಎರೆ ನೆಲಕ್ಕೂ ಒಂದೇ ಲೆಕ್ಕ ನಡೆಯದು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಕಾಂಕ್ರೀಟನ್ನೂ ಬಿರಿಸುತ್ತದೆ. ಅಲ್ಲಿ ಮೇಲಿನ ಮಣ್ಣು ತೆಗೆದು ಗರಸು ತುಂಬಿ, ನೀರು ಹಾಕಿ, ಪದರ ಪದರವಾಗಿ ದಿಮ್ಮಸು ಮಾಡಿಸಬೇಕು. ಸ್ಥಳಕ್ಕೆ ಬಾರದೆ ದೂರವಾಣಿಯಲ್ಲೇ ದರ ಹೇಳುವವರನ್ನು ದೂರವಿಡುವುದೇ ಲೇಸು.

ಸಾಮಾನಿನ ಲೆಕ್ಕ ನಿಮಗೂ ತಿಳಿದಿರಲಿ

ಲೆಕ್ಕ ಬಲ್ಲ ಯಜಮಾನನ ಮುಂದೆ ಮೋಸ ಮಾಡಲು ಯಾರೂ ಹಿಂಜರಿಯುತ್ತಾರೆ. 40 ಅಡಿ ಉದ್ದ, 30 ಅಡಿ ಅಗಲದ ಕಣಕ್ಕೆ 4 ಅಂಗುಲ ದಪ್ಪ ಕಾಂಕ್ರೀಟು ಎಂದರೆ 400 ಘನ ಅಡಿ. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಮಿಶ್ರಣಕ್ಕೆ ಸುಮಾರು 72 ಮೂಟೆ ಸಿಮೆಂಟು, 180 ಘನ ಅಡಿ ಮರಳು ಅಥವಾ ಎಂ-ಸ್ಯಾಂಡ್, 360 ಘನ ಅಡಿ ಜಲ್ಲಿ ಬೇಕಾಗುತ್ತದೆ. ಐವತ್ತು ಮೂಟೆಯಲ್ಲಿ ಮುಗಿಸುತ್ತೇನೆ ಎನ್ನುವವನು ದಪ್ಪವನ್ನೋ ಸಿಮೆಂಟನ್ನೋ ಕದಿಯಲೇಬೇಕು. ಕಣದ ಮೇಲೆ ಟ್ರ್ಯಾಕ್ಟರ್ ಹತ್ತುವುದಾದರೆ 4 ಅಂಗುಲ ಸಾಲದು, 6 ಅಂಗುಲ ಹಾಕಿಸಬೇಕು.

50 ಕಿಲೋ ಮೂಟೆಯ ಸಿಮೆಂಟು 35 ಲೀಟರ್ ಅಳತೆಗೆ ಬರುತ್ತದೆ. ಅದಕ್ಕೆ 70 ಲೀಟರ್ ಮರಳು, 140 ಲೀಟರ್ ಜಲ್ಲಿ. ಬಾಣಲಿ ಎಣಿಸುವ ಬದಲು ಅಳತೆಯ ಪೆಟ್ಟಿಗೆ ಇಟ್ಟುಕೊಳ್ಳುವಂತೆ ಹೇಳಿ. ನೀರು ಮೂಟೆಗೆ 32 ಲೀಟರ್ ಮೀರಬಾರದು. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಕೈಕೆಲಸ ಹಗುರಾಗಲೆಂದು ನೀರು ಸುರಿದ ಕಣವೇ ಮುಂದೆ ಪುಡಿ ಉದುರುವುದು. ಮೂಟೆಯ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ ಸಿಮೆಂಟು ಬೇಡ.

10 ಅಡಿಗೆ ಒಂದೂವರೆ ಅಂಗುಲದಂತೆ ವಾಟ ಕೊಡಿಸಿ, ನೀರು ಮನೆಯ ಗೋಡೆಯ ಕಡೆಗೆ ಬಾರದಂತೆ ನೋಡಿಕೊಳ್ಳಬೇಕು. ಇಡೀ ಅಂಗಳವನ್ನು ಒಂದೇ ಹಾಸಾಗಿ ಹಾಕದೆ 10 ಅಡಿ ಚೌಕಗಳಾಗಿ ಒಂದು ಬಿಟ್ಟು ಒಂದರಂತೆ ಹಾಕಿದರೆ ಬಿರುಕು ಕಡಿಮೆ.

ಹಣ ಕೆಲಸದ ಹಿಂದೆ ನಡೆಯಲಿ

ಅರ್ಧ ಹಣ ಮುಂಗಡ ಪಡೆದ ಮೇಸ್ತ್ರಿ ಬೇರೆ ಊರಿನ ಕೆಲಸ ಹಿಡಿದು, ಅಗೆದ ಅಂಗಳ ಕೊಯ್ಲಿನವರೆಗೆ ಹಾಗೇ ಬಿದ್ದಿರುವುದನ್ನು ನಾವು ಕಂಡಿದ್ದೇವೆ. ಕಂತುಗಳನ್ನು ಹೀಗೆ ಮಾಡಿಕೊಳ್ಳಬಹುದು: ಕೆಲಸ ಆರಂಭಕ್ಕೆ ನೂರಕ್ಕೆ 10, ನೆಲ ದಿಮ್ಮಸಾದ ಮೇಲೆ 25, ಕಾಂಕ್ರೀಟು ಮುಗಿದಾಗ 40, ನೀರುಣಿಸಿದ ಅವಧಿ ಕಳೆದ ಮೇಲೆ 15, ಮೊದಲ ದೊಡ್ಡ ಮಳೆ ಕಂಡ ಮೇಲೆ ಉಳಿದ 10. ಸಾಮಾನನ್ನು ನಾವೇ ತಂದುಕೊಟ್ಟು ಕೂಲಿ ಗುತ್ತಿಗೆ ಮಾತ್ರ ಕೊಡುವುದು ಇನ್ನೂ ಕ್ಷೇಮ.

ನೀರುಣಿಸುವುದು ಯಾರ ಹೊಣೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕೊಯ್ಲು ಮುಗಿದ ಮೇಲೆ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಈ ಕೆಲಸ ನಡೆಯುವುದರಿಂದ ಒದ್ದೆ ಗೋಣಿತಾಟು ಹೊದಿಸಿ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ನೀರು ಬಿಡಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ.

ಮಾತನ್ನು ಕಾಗದಕ್ಕೆ ಇಳಿಸಿ

1872ರ ಭಾರತೀಯ ಕರಾರು ಕಾಯ್ದೆಯಂತೆ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯುಂಟು. ಆದರೆ ತಕರಾರು ಬಂದಾಗ ರುಜುವಾತು ಮಾಡುವುದು ಕಷ್ಟ. ಉದ್ದ, ಅಗಲ, ದಪ್ಪ, ಮಿಶ್ರಣ, ದರ, ಕಂತು, ಮುಗಿಸುವ ದಿನಾಂಕ ಬರೆದು ಇಬ್ಬರು ಸಾಕ್ಷಿಗಳೊಡನೆ ಸಹಿ ಮಾಡಿಸಿ. ಹಣ ಕೊಟ್ಟಾಗಲೆಲ್ಲ ರಸೀದಿ ಪಡೆಯಿರಿ. 'ನಮ್ಮ ನಮ್ಮಲ್ಲಿ ಕಾಗದ ಏಕೆ' ಎನ್ನುವವರುಂಟು. ಕಾಗದ ಇದ್ದಲ್ಲಿಯೇ ಸ್ನೇಹವೂ ಉಳಿಯುತ್ತದೆ.

ಗುತ್ತಿಗೆ ಪಡೆದು ಕೆಲಸ ಕೆಡಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಆಗ ಕೈಹಿಡಿಯುವುದೂ ಆ ಕಾಗದ ಮತ್ತು ರಸೀದಿಗಳೇ.

ನಂಬಿಕೆ ಎರಡೂ ಕಡೆಯದು

ಮೇಸ್ತ್ರಿಯೂ ನಮ್ಮಂತೆಯೇ ದುಡಿದು ಉಣ್ಣುವವನು. ಕಂತಿನ ದಿನ ಹಣ ಕೊಡದೆ 'ಅಡಿಕೆ ಮಾರಿದ ಮೇಲೆ ನೋಡೋಣ' ಎಂದರೆ ಒಳ್ಳೆಯ ಕೆಲಸಗಾರ ನಮ್ಮ ಊರಿಗೆ ಮತ್ತೆ ಬರಲಾರ. ಸರಿಯಾದ ದರ ಕೊಡಿ, ಹೇಳಿದ ದಿನ ಕೊಡಿ, ಆಮೇಲೆ ಅಳತೆ ಕೇಳಿ.

ಕಣ ಹಾಕಿಸಿದ ಸದಸ್ಯರು ಮೇಸ್ತ್ರಿಯ ಹೆಸರು, ಕೆಲಸದ ವರ್ಷ, ಕೊಟ್ಟ ದರ ಮತ್ತು ಎರಡು ಮಳೆಗಾಲದ ಬಳಿಕ ಕಣ ಹೇಗಿದೆ ಎಂಬುದನ್ನು ಸಂಘದ ಕಚೇರಿಯಲ್ಲಿ ಬರೆಸಬೇಕೆಂದು ಕೋರುತ್ತೇವೆ. ಇದಕ್ಕಾಗಿ ಒಂದು ಪುಸ್ತಕ ತೆರೆಯುವುದು ಕಷ್ಟದ ಕೆಲಸವಲ್ಲ. ಒಬ್ಬರ ಅನುಭವ ಹತ್ತು ಮನೆಗೆ ಒದಗಿದರೆ, ಮುಂದಿನ ಕೊಯ್ಲಿನ ವೇಳೆಗೆ ಕಣ ಹಾಕಿಸುವ ಬಂಧುಗಳು ಕಡಿಮೆ ದರದ ಬೆನ್ನು ಹತ್ತಿ ಸಾಲ ಮಾಡಿದ ಹಣವನ್ನು ಮಣ್ಣುಪಾಲು ಮಾಡಬೇಕಾಗುವುದಿಲ್ಲ.