ಸ್ವಂತ ಮನೆಯ ಆಸೆ, ಕಾಗದಪತ್ರದ ಲೆಕ್ಕ

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಿಂದ ದುಡಿಮೆಗಾಗಿ ಸೊಲ್ಲಾಪುರ ನಗರಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ, ಮಕ್ಕಳು ಮೂರನೆಯ ನಾಲ್ಕನೆಯ ಇಯತ್ತೆಗೆ ಬರುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ: ಇನ್ನೆಷ್ಟು ವರ್ಷ ಬಾಡಿಗೆ ಮನೆ? ಜಾತ್ರೆಗೆಂದು ಊರಿಗೆ ಹೋದಾಗ ಹಿರಿಯರು ಕೇಳುವುದೂ ಅದನ್ನೇ. ಬಾಡಿಗೆ ಎಂದರೆ ನೀರಿಗೆ ಸುರಿದ ದುಡ್ಡು ಎಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದೆ.

ಆ ನಂಬಿಕೆಯನ್ನು ಅಂಕಿಗಳ ಮುಂದೆ ಇಟ್ಟು ನೋಡಬೇಕು. 20 ಲಕ್ಷ ರೂಪಾಯಿಯ ಫ್ಲ್ಯಾಟಿಗೆ 5 ಲಕ್ಷ ಕೈಯಿಂದ ಹಾಕಿ, 15 ಲಕ್ಷವನ್ನು ಶೇಕಡ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಾಲ ತೆಗೆದರೆ ತಿಂಗಳ ಕಂತು ಸುಮಾರು 13,500 ರೂಪಾಯಿ. ಮೊದಲ ಕಂತಿನಲ್ಲಿ 11,250 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು ಸುಮಾರು 2,250 ಮಾತ್ರ. ನೀರಿಗೆ ಸುರಿಯುವುದು ಬಾಡಿಗೆಯಲ್ಲಿ ಮಾತ್ರ ಎಂದೇನೂ ಅಲ್ಲ. ಇದಲ್ಲದೆ ನಗರದ ಮಿತಿಯಲ್ಲಿ ಸುಮಾರು ಶೇಕಡ 6 ಮುದ್ರಾಂಕ ಶುಲ್ಕ, ಶೇಕಡ 1 ನೋಂದಣಿ ಶುಲ್ಕ. ಮನೆಯನ್ನು ಹೆಣ್ಣುಮಕ್ಕಳ ಹೆಸರಿನಲ್ಲಿ ಮಾತ್ರ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ಶೇಕಡ 1 ವಿನಾಯಿತಿ ಇದೆ. ಇದನ್ನು ಬಳಸಿಕೊಳ್ಳದೆ ಗಂಡನ ಹೆಸರಿಗೇ ಬರೆಸುವ ಹಟ ಏಕೋ ತಿಳಿಯದು.

ಇಷ್ಟು ಹಣ ಹೊಂದದ ಕುಟುಂಬಕ್ಕೆ ದಲಾಲಿಯು ತೋರಿಸುವುದು ಊರಾಚೆಯ ಜಾಗವನ್ನು: ಹೊಲವನ್ನು ಒಂದು, ಎರಡು ಗುಂಟೆಗಳ ತುಂಡು ಮಾಡಿ ಮಾರುವ ಗುಂಠೇವಾರಿ. ಬೆಲೆ ಅಗ್ಗ, ಮಾತು ಸಿಹಿ, ಕಾಗದ ಮಾತ್ರ ಬಡಕಲು. ಕೃಷಿ ಜಮೀನನ್ನು ಹೀಗೆ ತುಂಡರಿಸುವುದನ್ನು ಮಹಾರಾಷ್ಟ್ರದ 1947ರ ತುಕಡೆಬಂದಿ ಕಾಯಿದೆ ನಿರ್ಬಂಧಿಸುತ್ತದೆ. ಆದ್ದರಿಂದ ಖರೀದಿಪತ್ರ ನೋಂದಣಿಯಾಗದೆ, ಮುದ್ರಾಂಕ ಕಾಗದದ ಮೇಲೆ ನೋಟರಿಯ ಮೊಹರು ಒತ್ತಿಸಿ ಕೈಗೆ ಕೊಡುವ ರೂಢಿ ಬೆಳೆದಿದೆ. ನೋಟರಿಯು ದೃಢೀಕರಿಸುವುದು ಸಹಿಯನ್ನೇ ಹೊರತು ಒಡೆತನವನ್ನಲ್ಲ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಮು ಹೇಳುತ್ತದೆ. ಮುಖತ್ಯಾರಪತ್ರದ ಮೂಲಕ ನಡೆಯುವ ‘ಮಾರಾಟ’ದಿಂದ ಒಡೆತನ ದಾಟುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ.

ಗುಂಠೇವಾರಿಯೆಲ್ಲ ಕೆಟ್ಟದ್ದೆಂದೂ ಅಲ್ಲ. 2001ರ ಕಾಯಿದೆ ಮತ್ತು ಅದರ 2021ರ ತಿದ್ದುಪಡಿಯ ಮೇರೆಗೆ, 2020ರ ಡಿಸೆಂಬರ್ 31ರವರೆಗಿನ ಗುಂಠೇವಾರಿಯನ್ನು ಶುಲ್ಕ ಕಟ್ಟಿಸಿಕೊಂಡು ಕ್ರಮಬದ್ಧಗೊಳಿಸಲು ಅವಕಾಶವಿದೆ. ಆ ಆದೇಶಪತ್ರವನ್ನು ಕಣ್ಣಾರೆ ಕಾಣಬೇಕು. ‘ಆಗುತ್ತದೆ, ಅರ್ಜಿ ಹಾಕಿದ್ದೇವೆ’ ಎಂಬುದು ಆದೇಶವಲ್ಲ. ಸಾತ್‌ಬಾರಾ ಉತಾರದಲ್ಲಿ ಮಾರುವವನ ಹೆಸರು ಇದೆಯೇ, ಇತರ ಹಕ್ಕುಗಳ ಕಾಲಮಿನಲ್ಲಿ ಬ್ಯಾಂಕಿನ ಅಥವಾ ಸೊಸಾಯಿಟಿಯ ಬೋಜಾ ಇದೆಯೇ ಎಂಬುದನ್ನೂ ನೋಡಬೇಕು. ಡಿಜಿಟಲ್ ಸಹಿಯುಳ್ಳ ಉತಾರಕ್ಕೆ 15 ರೂಪಾಯಿ ಸಾಕು. ಲಕ್ಷಗಟ್ಟಲೆ ಕೊಡುವವರು ಈ ಹದಿನೈದು ರೂಪಾಯಿ ಉಳಿಸಿ ಕೆಟ್ಟ ಉದಾಹರಣೆಗಳು ನ್ಯಾಯಾಲಯದಲ್ಲಿ ಬೇಕಾದಷ್ಟಿವೆ. ಸರಕಾರಿ ಯೋಜನೆಯ ಮನೆ ದೊರೆತವರ ಲೆಕ್ಕ ಬೇರೆ. ಕುಂಭಾರಿಯ ರೇ ನಗರದಲ್ಲಿ 2024ರ ಜನವರಿಯಲ್ಲಿ 15,000 ಮನೆಗಳ ಹಸ್ತಾಂತರ ನಡೆಯಿತು.

ದಲಾಲಿಯ ಲೆಕ್ಕದಲ್ಲಿ ಬಾರದ ಇನ್ನೊಂದು ಬೆಲೆ ಶಾಲೆಯದು. ನೆರೆಹೊರೆಯ ಶಾಲೆಯ ದೂರವನ್ನು ಶಿಕ್ಷಣ ಹಕ್ಕಿನ ನಿಯಮಗಳು ಗೊತ್ತುಪಡಿಸಿವೆ, ಆದರೆ ಅದು ಕನ್ನಡ ಶಾಲೆಯೇ ಆಗಿರಬೇಕೆಂದಿಲ್ಲ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಬಡಾವಣೆಗೊಂದು ಕನ್ನಡ ಶಾಲೆ ಅದರಿಂದ ಹುಟ್ಟುವುದಿಲ್ಲ. ಅಗ್ಗದ ಜಾಗಕ್ಕೆ ಮನೆ ಬದಲಾದ ವರ್ಷವೇ ಮಗು ಶಾಲೆಯನ್ನೂ ಮಾಧ್ಯಮವನ್ನೂ ಬದಲಿಸುವುದು, ಇತ್ತ ಕನ್ನಡ ಶಾಲೆಯ ಪಟಸಂಖ್ಯೆ ಒಂದು ಇಳಿಯುವುದು ಹೀಗೆಯೇ. ಏಳನೆಯ ಇಯತ್ತೆ ಮುಗಿಯುವವರೆಗೆ ಶಾಲೆಯ ಹತ್ತಿರ ಬಾಡಿಗೆಗಿದ್ದು, ಕಂತಿಗೂ ಬಾಡಿಗೆಗೂ ಇರುವ ಅಂತರವನ್ನು ಪ್ರತಿ ತಿಂಗಳು ಠೇವಣಿ ಇಡುವ ಕುಟುಂಬ ಸೋತದ್ದೇನೂ ಇಲ್ಲ. ಇಡದೆ ಖರ್ಚು ಮಾಡಿದರೆ ಮಾತ್ರ ಹಿರಿಯರ ಮಾತು ನಿಜವಾದೀತು.

ಆದರೆ ಬಾಡಿಗೆಗೂ ಕಾಗದ ಬೇಕು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂದು ಕರ್ನಾಟಕದ ನೆಂಟರು ಹೇಳುವುದುಂಟು. ಗಡಿಯ ಈಚೆ ಆ ಮಾತು ನಡೆಯದು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 1999ರ 55ನೆಯ ಕಲಮಿನಂತೆ ಕರಾರು ಎಷ್ಟೇ ತಿಂಗಳಿನದಾಗಿರಲಿ ಲಿಖಿತವಾಗಿರಬೇಕು, ನೋಂದಣಿಯಾಗಬೇಕು, ನೋಂದಾಯಿಸುವ ಹೊಣೆ ಮನೆ ಮಾಲೀಕನದು. ಮಾಡಿಸದಿದ್ದರೆ ಅವನಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವ್ಯಾಜ್ಯ ಬಂದರೆ, ಬೇರೆ ರೀತಿ ರುಜುವಾತಾಗುವವರೆಗೆ, ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ಗ್ರಾಹ್ಯ. ತಿಂಗಳಿಗೆ 6,000 ಬಾಡಿಗೆ, 30,000 ಡಿಪಾಜಿಟ್ಟಿನ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿಗೆ ಮುದ್ರಾಂಕ ಶುಲ್ಕ 200 ರೂಪಾಯಿಯನ್ನೂ ಮುಟ್ಟದು. ನಗರದಲ್ಲಿ ನೋಂದಣಿ ಶುಲ್ಕ 1,000. ಬಾಡಿಗೆಗೆ ರಸೀದಿ ಕೇಳುವುದು ಹಕ್ಕು. ಆದರೆ ಅವಧಿ ಮುಗಿದ ಮೇಲೂ ಮನೆ ಬಿಡದವರು ಇಮ್ಮಡಿ ದರದಲ್ಲಿ ನಷ್ಟಪರಿಹಾರ ಕೊಡಬೇಕಾದೀತು.

ಈ ಕರಾರಾಗಲಿ ಖರೀದಿಪತ್ರವಾಗಲಿ ಇಲ್ಲಿ ಬಹುತೇಕ ಮರಾಠಿಯಲ್ಲೇ ಇರುತ್ತದೆ. ಓದಲು ಬಾರದೆ ಹೆಬ್ಬೆಟ್ಟಿನಂತೆ ಸಹಿ ಒತ್ತುವವರು ಕನ್ನಡಿಗರಲ್ಲಿ ಕಡಿಮೆಯೇನಲ್ಲ. ವಕೀಲರ ಬಳಿಗೆ ಹೋಗುವ ಮುನ್ನ ಮನೆಯ ಮಕ್ಕಳ ಕೈಗೆ ಆ ಕಾಗದ ಕೊಡಬಹುದು; ಕನ್ನಡ ಶಾಲೆಯಲ್ಲಿ ಅವರು ಮರಾಠಿಯನ್ನೂ ಒಂದು ವಿಷಯವಾಗಿ ಕಲಿಯುತ್ತಾರೆ, ಉತಾರದ ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳುವಷ್ಟಾದರೂ.